ಕುಬಸದ ಬುತ್ತಿಗೆ ತೆರಿಗೆ

ನನ್ನ ಕಿವಿಗಳೇ ನನ್ನ ಶತ್ರುಗಳು. ಯಾರು ಬಂದು ಏನು ಹೇಳಿದರೂ ಅವು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತವೆ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಸೊಸೆಯ ಪುರಾಣ, ಗುಡಿಯ ಕಟ್ಟೆಯ ಮೇಲೆ ಕೂತವರ ಮಂಡಿನೋವು, ತಪ್ಪು ನಂಬರಿಗೆ ಫೋನು ಮಾಡಿದವರ ಮನೆಯ ಜಗಳ, ಎಲ್ಲವನ್ನೂ ‘ಹೂಂ’ ಎನ್ನುತ್ತ ಕೇಳುತ್ತೇನೆ. ನಡುವೆ ಎದ್ದು ಹೋದರೆ ಹೇಳುವವರ ಮನಸ್ಸು ನೋಯುತ್ತದಲ್ಲ? ಹೀಗೆ ಕೇಳಿ ಕೇಳಿಯೇ ನಮ್ಮ ಮನೆಗೆ ಕೂದಲು ಬೆಳೆಯುವ ಎಣ್ಣೆ ಬಂತು, ಕಾಳು ತಾನೇ ಆರಿಸುವ ಜರಡಿ ಬಂತು. ಕಡೆಗೆ ತೆರಿಗೆ ತಾನೇ ಕೂಡಿಸುವ ಸಾಫ್ಟ್‌ವೇರೂ ಬಂತು. ಎಣ್ಣೆಯನ್ನು ದೀಪಕ್ಕೆ ಹಾಕಿದೆ, ಜರಡಿಯನ್ನು ಕೋಳಿಮರಿ ಮುಚ್ಚಲು ಪಕ್ಕದ ಮನೆಯವರು ಒಯ್ದರು. ಸಾಫ್ಟ್‌ವೇರು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ನಾವು ಕಲಬುರಗಿಯ ಖೂಬಾ ಪ್ಲಾಟಿನವರು. ನಮ್ಮನೆಯವರು ನೆಹರು ಗಂಜ್ ಮಾರುಕಟ್ಟೆಯ ತೊಗರಿ ಅಡತಿ ಅಂಗಡಿಯಲ್ಲಿ ಗುಮಾಸ್ತರು. (ಅವರ ಹೆಸರು ನಾನು ಹೇಳುವಂತಿಲ್ಲ. ಮನೆದೇವರ ಹೆಸರನ್ನೇ ಅವರಿಗಿಟ್ಟದ್ದರಿಂದ ಮದುವೆಯಾದಾಗಿನಿಂದ ದೇವರ ಹೆಸರನ್ನೂ ಬಾಯಿಬಿಟ್ಟು ಹೇಳಿಲ್ಲ. ದೇವರ ಜಗಲಿಯ ಮುಂದೆ ನಿಂತು ‘ಕೇಳಾಕತ್ತೀರೇನ್ರಿ?’ ಎಂದೇ ಕೈಮುಗಿಯುತ್ತೇನೆ. ಇಬ್ಬರಲ್ಲಿ ಒಬ್ಬರಂತೂ ಕೇಳಿಸಿಕೊಳ್ಳುವುದಿಲ್ಲ.)

ನಮಗೆ ಮಕ್ಕಳಿಲ್ಲ. ಆದರೆ ಮಲ್ಕಮ್ಮ ಇದ್ದಳು. ನಮ್ಮನೆಯವರ ಅಕ್ಕ ಬಂಡಮ್ಮನ ಮಗಳು, ಕಮಲಾಪುರದ ಹುಡುಗಿ. ಕಾಲೇಜು ಓದುವಷ್ಟು ಕಾಲ ನನ್ನ ಮಗ್ಗುಲಲ್ಲೇ ಮಲಗಿ ಬೆಳೆದವಳು. ನನ್ನ ಶೇಂಗಾ ಹಿಂಡಿ, ಕಡಕ್ ರೊಟ್ಟಿ, ಮಾದಲಿ ಆಗ ನಮ್ಮ ಓಣಿಯನ್ನು ದಾಟಿರಲಿಲ್ಲ. ಅವಳು ಕೂತು ಇಂಟರ್‌ನೆಟ್ಟಿನಲ್ಲಿ ಒಂದು ಅಂಗಡಿ ತೆರೆದಳು. ಆ ಅಂಗಡಿಗೆ ಬಾಗಿಲಿಲ್ಲ, ಕಟ್ಟೆಯಿಲ್ಲ, ಉದ್ರಿ ಕೇಳಿ ತಲೆ ತುರಿಸಿಕೊಳ್ಳುವ ಗಿರಾಕಿಯೂ ಇಲ್ಲ. ಆದರೂ ಪುಣೆಯಿಂದ, ಹೈದರಾಬಾದಿನಿಂದ, ಬೆಂಗಳೂರಿನಿಂದ ಆರ್ಡರು ಬರತೊಡಗಿದವು. ನಾನು ಕಾಣದ ಊರುಗಳನ್ನೆಲ್ಲ ನನ್ನ ರೊಟ್ಟಿ ಕಂಡಿತು. ಆಮೇಲೆ ಮಲ್ಕಮ್ಮ ಮದುವೆಯಾಗಿ ಹುಮನಾಬಾದಿಗೆ ಹೋದಳು. ಕಂಪ್ಯೂಟರೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದೆವು.

ಅಷ್ಟರಲ್ಲಿ ವ್ಯಾಟ್ ಎಂಬ ಹೊಸ ತೆರಿಗೆ ಬಂದಿತ್ತು. ರಾಜ್ಯದೊಳಗೆ ಮಾರಿದರೆ ಒಂದು ಲೆಕ್ಕ, ಗಡಿ ದಾಟಿದರೆ ಇನ್ನೊಂದು. ನಮ್ಮನೆಯವರು ಬರೆದುಕೊಡುತ್ತಿದ್ದರು, ಬೈಗುಳ ಸಹಿತ.

“ಗಂಜಿನ್ಯಾಗ ದಿನಾ ತೊಗರಿ ಲೆಕ್ಕ, ಮನಿಗಿ ಬಂದ್ರ ನಿನ್ನ ರೊಟ್ಟಿ ಲೆಕ್ಕ. ನಾ ಉಣ್ಣೂದು ಯಾವಾಗ?”

“ಬರದು ಮುಗಸ್ರಿ, ಬಿಸಿ ರೊಟ್ಟಿ ಹಾಕ್ತೀನಿ.”

“ನೆಟ್ಟಗಿನ ರೊಟ್ಟಿ ಪುಣೆದವರಿಗಿ, ಮುರುಕು ನನಗ. ಗೊತ್ತದ, ಹಾಕು!”

ಈ ಸಂಧಿಕಾಲದಲ್ಲೇ ಸ್ಟೇಶನ್ ಬಜಾರದ ಕಂಪ್ಯೂಟರ್ ಅಂಗಡಿಯ ಖಾಜಾ ನಮ್ಮ ಮನೆಗೆ ಬಂದದ್ದು. ಪ್ರಿಂಟರಿಗೆ ಶಾಯಿ ತುಂಬಲು ಬಂದವರು ಸಾಫ್ಟ್‌ವೇರಿನ ಮಹಿಮೆ ಎತ್ತಿಕೊಂಡರು. ನಾನು ಕೇಳಿದೆ. ಚಹಾ ಮಾಡಿಕೊಟ್ಟು ಮತ್ತೆ ಕೇಳಿದೆ.

“ಅಕ್ಕಾ, ನೀವು ಹೆಸರು ಹೊಡೀರಿ, ಮಾಲು ಹೊಡೀರಿ, ಬಸ್. ಟ್ಯಾಕ್ಸ್ ತಾನೇ ಕೂಡ್ತದ, ಬಿಲ್ ತಾನೇ ಬರ್ತದ, ಸ್ಟಾಕ್ ತಾನೇ ಇಳೀತದ. ಏಕದಂ ಆಟೋಮ್ಯಾಟಿಕ್! ನೀವು ಆರಾಮ ಪೂಜಾ ಮಾಡ್ಕೋತ ಕೂಡ್ರಿ.”

ಪೂಜೆಯ ಮಾತು ತೆಗೆದ ಮೇಲೆ ಬೇಡವೆನ್ನಲು ನನಗೆ ನಾಲಿಗೆ ಬರಲಿಲ್ಲ.

ಆಟೋಮ್ಯಾಟಿಕ್ ಎಂದರೇನೆಂದು ಮರುದಿನವೇ ತಿಳಿಯಿತು. ನಾನು ಹಿಂಡಿ ಎಂದು ಬರೆದರೆ ಅದು ‘ಯಾವ ವರ್ಗ?’ ಎಂದು ಕೇಳಿತು. ಖಾಜಾಗೆ ಫೋನು ಮಾಡಿದೆ.

“ಅದು ನೀವೇ ಹೇಳಬೇಕು ಅಕ್ಕಾ. ಒಂದು ಸಲ ಹೇಳಿದ್ರ ಆಮ್ಯಾಲ ಆಟೋಮ್ಯಾಟಿಕ್.”

“ನನಗೇ ತಿಳೀವಲ್ದಲ್ಲ ಭಾಯಿ. ಚಟ್ನಿ ಅನ್ಲೋ, ಮಸಾಲಿ ಅನ್ಲೋ?”

ಊಟಕ್ಕೆ ಕೂತಿದ್ದ ನಮ್ಮನೆಯವರು ನಡುವೆ ಬಾಯಿ ಹಾಕಿದರು. “ಎಮ್ಮಿ ತಿನ್ನೂ ಹಿಂಡಿ ಅಂತ ಬರಿ. ದನದ ಮೇವಿಗಿ ತೆರಿಗಿ ಇಲ್ಲ.”

“ಪುಣೆದವರು ಎಮ್ಮಿ ಏನ್ರಿ?”

“ತಿನ್ನಾಕತ್ತಾರಲ್ಲ ಪಾಪ, ಅವರನ್ನೇ ಕೇಳು.”

ಕಡೆಗೆ ತೆರಿಗೆ ಬಲ್ಲವರನ್ನು ವಿಚಾರಿಸಿ ಸರಿಯಾದದ್ದನ್ನೇ ಬರೆದೆ. ಅಂದರೆ, ತಿಳಿದವರು ಹೇಳಿದ್ದನ್ನು ನಾನು ಅದಕ್ಕೆ ಹೇಳಬೇಕು, ಅದು ನನಗೆ ತಿರುಗಿ ಹೇಳುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಗೋಡೆಯೂ ಮಾಡುತ್ತಿತ್ತು. ಆದರೂ ಬಿಲ್ಲು ಹೊರಬರುವಾಗಿನ ಕರಕರ ಸದ್ದು ಕೇಳಿದರೆ ನನಗೆ ಒಂಥರಾ ಹೆಮ್ಮೆ. ಡಬ್ಬಿ ಕಟ್ಟಲು ಬರುತ್ತಿದ್ದ ಮುನೀರಾಗೆ ಕಟ್ಟಪ್ಪಣೆ ಮಾಡಿದೆ: “ನೋಡವಾ, ಬಿಲ್ ಇಲ್ಲದ ಡಬ್ಬಿ ಈ ಹೊಸ್ತಿಲ ದಾಟಬಾರದು. ಮುಚ್ಚಳ ತಗದ ಕೂಡಲೇ ಮೊದಲ ಬಿಲ್ ಕಾಣಬೇಕು.” ಪಾಪದ ಹೆಣ್ಣುಮಗಳು, ತಲೆಯಾಡಿಸಿದಳು.

ಆ ವರ್ಷವೇ ಮಲ್ಕಮ್ಮ ಬಸುರಿಯಾದಳು. ಕಮಲಾಪುರದಲ್ಲಿ ತವರಿನ ಕುಬಸ, ಅಂದರೆ ಸೀಮಂತ. ಹೆರಿಗೆ ಮಾತ್ರ ಕಲಬುರಗಿಯ ದವಾಖಾನೆಯಲ್ಲಿ, ಬಾಣಂತನ ನಮ್ಮ ಮನೆಯಲ್ಲಿ ಎಂದು ಬಂಡಮ್ಮಕ್ಕ ತಾನಾಗಿಯೇ ಹೇಳಿದ್ದಳು. “ತಂಗಿ, ನನಗ ಹೊಲ, ದನ ಬಿಟ್ಟು ಬರಾಕ ಆಗೂದಿಲ್ಲ. ಹಡದಾಕಿ ನಾ ಆದರೂ ಬೆಳಸಿದಾಕಿ ನೀ. ನಿನ್ನ ಕೈಯಾಗೇ ಆಗಲಿ.” ಆ ಮಾತು ಕೇಳಿ ನಾನು ಜಗಲಿಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೆ. ತೊಟ್ಟಿಲು ಕಟ್ಟುವ ಕೊಂಡಿಯನ್ನು ಜಗ್ಗಿ ಜಗ್ಗಿ ನೋಡಿದೆ. ಕೂಸು ಹುಟ್ಟುವ ಮೊದಲೇ ಒಬ್ಬಳೇ ಕೂತು ಜೋಗುಳದ ಧಾಟಿ ನೋಡಿಕೊಳ್ಳುತ್ತಿದ್ದೆ. ಅದನ್ನು ಕೇಳಿ ನಮ್ಮನೆಯವರಿಗೆ ಎರಡು ಸಲ ನಿದ್ದೆ ಬಂದಿತ್ತು.

ಕುಬಸಕ್ಕೆ ಸೋದರಮಾವನ ಮನೆಯಿಂದ ಬುತ್ತಿ ಹೋಗಬೇಕು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಎರಡು ಥರದ ಹಿಂಡಿ, ಮೊಸರು ಬುತ್ತಿ. ಬುತ್ತಿಯ ರೊಟ್ಟಿಯನ್ನು ಎಣಿಸಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಬಸುರಿ ಉಣ್ಣುವ ಅನ್ನಕ್ಕೆ ಲೆಕ್ಕ ಹತ್ತಬಾರದು. ನಾನೂ ಎಣಿಸದೆಯೇ ತೆಗೆದಿಟ್ಟೆ. ಆದರೆ ಹಿಂಡಿ, ಮಾದಲಿ ಅಂಗಡಿಯ ಮಾಲಿನಿಂದಲೇ ತೆಗೆದದ್ದು. ಸ್ಟಾಕು ಇಳಿಯಬೇಕಲ್ಲ?

“ಮನಿಮಂದಿಗಿ ಕಳಸೂದು ಕಂಪ್ಯೂಟರಿಗಿ ಯಾಕ ಹೇಳ್ತಿ?” ಎಂದರು ನಮ್ಮನೆಯವರು.

“ಇದ್ದದ್ದು ಇಲ್ಲ ಅಂತ ಬರದ ಕೈಲೆ ದೇವರಿಗಿ ಹೂ ಹ್ಯಾಂಗ ಏರಸ್ಲಿ?”

“ನಿನ್ನ ದೇವರು ತೆರಿಗಿ ಆಫೀಸಿನ್ಯಾಗ ಇದ್ದಾನೇನು?”

ನನ್ನ ಸತ್ಯಸಂಧತೆ ಆ ಹೊತ್ತಿನಲ್ಲಿ ಯಾರ ಮಾತಿಗೂ ಬಗ್ಗುವಂತಿರಲಿಲ್ಲ. ಬೆಲೆಯ ಜಾಗದಲ್ಲಿ ಸೊನ್ನೆ ಹೊಡೆದೆ. ಸಾಫ್ಟ್‌ವೇರು ಕೆಂಪಗಾಯಿತು. ಮತ್ತೆ ಹೊಡೆದೆ, ಮತ್ತೆ ಕೆಂಪಗಾಯಿತು. ಖಾಜಾಗೆ ಫೋನು.

“ಭಾಯಿ, ಇದು ಮಾರೂದಲ್ಲ. ಮನಿ ಮಗಳಿಗಿ ಕೊಡೂದು.”

“ಕೊಡೂದು ಅಂತ ಇದರಾಗ ಇಲ್ಲ ಅಕ್ಕಾ. ಮಾಲು ಹೊರಗ ಹೋತಂದ್ರ ಸೇಲ್. ರೇಟ್ ಹಾಕಿ ಬಿಡ್ರಿ, ಬಿಲ್ ಹರದು ಒಗೀರಿ. ಕ್ಯಾ ಫರಕ್ ಪಡತಾ?”

ಗಿರಾಕಿಯ ಹೆಸರಿನಲ್ಲಿ ಮಲ್ಕಮ್ಮ ಎಂದು ಬರೆದು, ಬೆಲೆ ಹಾಕಿದೆ. ತೆರಿಗೆ ತಾನೇ ಕೂಡಿತು. ಬಿಲ್ಲು ಕರಕರನೆ ಬಂತು. ಹರಿಯಬೇಕೆಂದು ಕೈ ಚಾಚುವಷ್ಟರಲ್ಲಿ ಒಲೆಯ ಮೇಲೆ ಹೋಳಿಗೆ ಸೀದ ವಾಸನೆ. ಓಡಿದೆ. ನಾನು ಬರುವುದರೊಳಗೆ ಮುನೀರಾ ನನ್ನ ಕಟ್ಟಪ್ಪಣೆಯನ್ನು ಶಿರಸಾವಹಿಸಿ ಮುಗಿಸಿದ್ದಳು. ಬುಟ್ಟಿಗೆ ಬಿಳಿ ಅರಿವೆ ಕಟ್ಟಿ ಬಾಗಿಲಲ್ಲಿಟ್ಟಿದ್ದಳು. ಬಿಲ್ಲು ಕಾಣಲಿಲ್ಲ. ಅವಳೇ ಕಸಕ್ಕೆ ಹಾಕಿರಬೇಕೆಂದು ನಾನೂ ಬಸ್ಸು ಹಿಡಿದೆ.

ಕಮಲಾಪುರದ ಮನೆ ತುಂಬ ಹೆಣ್ಣುಮಕ್ಕಳು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಮಲ್ಕಮ್ಮ ಕುರ್ಚಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡದ್ದೇ ಏಳಲು ಹೋದಳು, ನಾನು ಗದರಿಸಿ ಕೂಡಿಸಿದೆ. ಆರತಿಯ ಹಾಡು ಮುಗಿಯಿತು. “ಸೋದರಮಾವನ ಬುತ್ತಿ ಬಿಚ್ಚರೆವ್ವಾ” ಎಂದಳು ಬಂಡಮ್ಮಕ್ಕ. ಅರಿವೆಯ ಗಂಟು ಬಿಚ್ಚಿದರು. ರೊಟ್ಟಿಯ ಮೇಲೆ, ಎರಡು ವೀಳ್ಯದೆಲೆಯ ನಡುವೆ ಅಂದವಾಗಿ ಮಡಚಿಟ್ಟ ಕಾಗದ.

“ಅತ್ತಿ ಏನೋ ಹಾಡು ಬರದು ತಂದಾಳ” ಎಂದಳು ಬಂಡಮ್ಮಕ್ಕ ಸಂಭ್ರಮದಿಂದ. ಓದು ಬರುವ ಪುತಳಾಬಾಯಿ ಎಂಬ ನೆರೆಯವಳ ಕೈಗೆ ಕೊಟ್ಟಳು. “ಎಲ್ಲಾರಿಗಿ ಕೇಳಂಗ ಓದವಾ.”

ಪುತಳಾಬಾಯಿಯ ಕಂಠ ದೊಡ್ಡದು. “ಗಿರಾಕಿಯ ಹೆಸರು, ಮಲ್ಕಮ್ಮ. ಶೇಂಗಾ ಹಿಂಡಿ, ಇಷ್ಟು. ಮಾದಲಿ, ಇಷ್ಟು. ತೆರಿಗಿ, ಇಷ್ಟು. ಮಾರಿದ ಮಾಲು ವಾಪಸು ತಗೊಳ್ಳೂದಿಲ್ಲ. ಮತ್ತೊಮ್ಮೆ ಬರ್ರಿ.”

ಯಾರೋ ಮುದುಕಿ ಹಿಂದಿನಿಂದ “ಚಂದ ಅದ, ಮುಂದಿಂದು ಓದು” ಎಂದಳು. ಮಲ್ಕಮ್ಮ ತಲೆ ಬಗ್ಗಿಸಿ ಬಳೆ ತಿರುಗಿಸುತ್ತಿದ್ದಳು.

“ಅಕ್ಕಾ, ಇದು ನಾ ಮಾಡಿದ್ದಲ್ಲ. ಆ ಮಷೀನು ತಾನೇ...” ಎಂದೆ.

ಬಂಡಮ್ಮಕ್ಕ ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. “ಮಷೀನಿಗಿ ಮಲ್ಕಿ ಯಾರಂತ ಗೊತ್ತಿಲ್ಲ ಖರೆ. ನಿನಗ ಗೊತ್ತಿತ್ತಲ್ಲ ಅಮೃತಾ?”

ಯಾವತ್ತೂ ತಂಗಿ ಎನ್ನುತ್ತಿದ್ದವಳು ಅಂದು ಹೆಸರು ಹಿಡಿದು ಕರೆದಳು. ಊಟವಾದ ಮೇಲೆ ಪದ್ಧತಿಯಂತೆ ನನಗೆ ಕುಂಕುಮ ಹಚ್ಚಿ, ಉಡಿಗೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬಿಲ್ಲಿನ ರೊಕ್ಕವನ್ನು ಅದೇ ಉಡಿಯಲ್ಲಿ ಇಟ್ಟಳು. “ತೆರಿಗಿ ಸೇರಿಸಿ ಅದ. ಬಾಣಂತನಕ್ಕ ನಿಮ್ಮ ಕಡಿ ಎಷ್ಟಾಗತದೋ ನಮಗ ತಿಳೀದು. ಇಲ್ಲೇ ಮಾಡ್ಕೋತೀವಿ.”

ಮನೆಗೆ ಬಂದು ಮುನೀರಾಗೆ ಒಂದು ಮಾತೂ ಅನ್ನಲಾಗಲಿಲ್ಲ. “ನೀವೇ ಹೇಳೀರಲ್ಲ ಅಕ್ಕಾ” ಎಂದು ಅವಳು ಮೊದಲೇ ಅಳತೊಡಗಿದ್ದಳು. ಕಂಪ್ಯೂಟರಿನ ಮುಂದೆ ಕೂತು ಆ ಬಿಲ್ಲು ರದ್ದು ಮಾಡಲು ಹೋದೆ. ಅದು ಕಾರಣ ಕೇಳಿತು. ಆರಿಸಿಕೊಳ್ಳಲು ಅದೇ ಕೆಲವು ಕೊಟ್ಟಿತ್ತು: ಮಾಲು ಕೆಟ್ಟಿದೆ, ತೂಕ ಕಡಿಮೆ, ಗಿರಾಕಿ ನಿರಾಕರಿಸಿದರು. ಮತ್ತೆ ಮತ್ತೆ ಮೇಲೆ ಕೆಳಗೆ ಹುಡುಕಿದೆ. ‘ನನ್ನಿಂದ ತಪ್ಪಾಯಿತು’ ಎಂಬುದು ಎಲ್ಲಿಯೂ ಇರಲಿಲ್ಲ.

ಫೋನು ಮಾಡಿದರೆ ಬಂಡಮ್ಮಕ್ಕ ಎತ್ತುವಳು, “ಆರಾಮ ಇದ್ದೀವ್ರಿ” ಎಂದು ಬಹುವಚನದಲ್ಲಿ ಹೇಳಿ ಇಟ್ಟುಬಿಡುವಳು. ನಾನು ದಿನವೂ ದೀಪ ಹಚ್ಚಿ, ಹುಡುಗಿ ಸುಸೂತ್ರ ಎರಡಾಗಲಿ ಎಂದು ಬೇಡುತ್ತಿದ್ದೆ. ಸುಣ್ಣ ಹೊಡೆದ ಕೋಣೆಯಲ್ಲಿ ನಮ್ಮನೆಯವರು ಹಳೇ ಚೀಲಗಳನ್ನು ಒಟ್ಟಿದರು.

ಒಂದು ಮುಂಜಾನೆ ಇಂಟರ್‌ನೆಟ್ಟಿನ ಅಂಗಡಿಗೆ ಕಮಲಾಪುರದಿಂದ ಆರ್ಡರು ಬಂತು. ಅಂಟಿನ ಉಂಡೆ, ಎರಡು ಕೆಜಿ. ಕೆಳಗೆ ಒಂದು ಒಕ್ಕಣೆ: “ಅತ್ತಿ, ಹೆಣ್ಣು ಕೂಸು. ಇಬ್ಬರೂ ಆರಾಮ ಇದ್ದೀವಿ. ನಿಮ್ಮ ಕೈಯಿನ ಉಂಡಿ ಬೇಕು ಅಂತ ಅವ್ವನ ಹತ್ತಿರ ಹಟ ಹಿಡದೆ. ಅವ್ವ ಪುಕ್ಕಟೆ ಒಲ್ಲೆ ಅಂತಾಳ, ಬಿಲ್ ಮಾಡಿ ಕೊಟ್ಟರ ತಗೋ ಅಂದಾಳ. ಅದಕ ಅಂಗಡಿಯಿಂದ ಬರದೀನಿ. ಸಿಟ್ಟು ಆಗಬ್ಯಾಡ್ರಿ.”

ಒಕ್ಕಣೆಯ ಮೇಲ್ಗಡೆ ಸಾಫ್ಟ್‌ವೇರು ಹಸಿರು ಅಕ್ಷರದಲ್ಲಿ ‘ಹೊಸ ಆರ್ಡರು ಬಂದಿದೆ, ಅಭಿನಂದನೆಗಳು’ ಎನ್ನುತ್ತಿತ್ತು. ನಾನು ಅದರೆದುರು ಕೂತು ಅತ್ತೆ, ನಕ್ಕೆ. ಪುಣ್ಯಕ್ಕೆ ಅದು ಯಾವ ವರ್ಗ ಎಂದು ಕೇಳಲಿಲ್ಲ.

ಅಂಟು ಹುರಿದೆ, ಕೊಬ್ಬರಿ ಹೆರೆದೆ, ಉತ್ತತ್ತಿ ಕುಟ್ಟಿದೆ. ಎರಡು ಕೆಜಿ ತೂಗಿ ಡಬ್ಬಿ ತುಂಬಿ, ಕಾನೂನಿನಂತೆ ಬಿಲ್ಲು ಮಾಡಿದೆ. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಲೆಕ್ಕ ತಪ್ಪಿಸಿದೆ. ಕಂಪ್ಯೂಟರಿಗೆ ಬೆನ್ನು ಮಾಡಿ ಇನ್ನೊಂದಿಷ್ಟು ಉಂಡೆ ಒತ್ತಿ ತುಂಬಿದೆ. ಜಗಲಿಯ ಕಡೆಗೂ ನೋಡಲಿಲ್ಲ. ನಮ್ಮನೆಯವರನ್ನು ಕಮಲಾಪುರಕ್ಕೆ ಕಳಿಸಿದೆ.

ಅವರು ಸಂಜೆ ಹೊತ್ತಿಗೆ ಬಂದರು. ಕೈಯಲ್ಲಿ ಒಂದು ಸಣ್ಣ ಗಂಟು.

“ಕೂಸಿನ್ನ ನೋಡಿದ್ರೇನ್ರಿ?”

“ನೋಡಿದೆ. ಮೂಗು ನಮ್ಮ ಕಡಿದು.”

“ಅಯ್ಯ, ಪಾಪ! ಅಕ್ಕ ನನ್ನ ಬಗ್ಗೆ ಏನರ ಕೇಳಿದಳೇನು?”

“ಕೇಳಿದಳು.”

“ಏನಂದಳು?”

“‘ಅಮೋಘ್ಯಾ, ಬಿಲ್ ತಂದೀಯೇನು?’ ಅಂದಳು.”

ನಾನು ಮಣೆಯ ಮೇಲೆ ಕೂತೆ. ಅವರು ಗಂಟನ್ನು ನನ್ನ ಮುಂದಿಟ್ಟರು.

“ತಕ್ಕಡಿ ತರಸಿದಳು. ಬಾಜೂ ಮನಿದಾಕಿ ಕಡಿಂದ ಬಿಲ್ ಓದಸಿ ಓದಸಿ ತೂಗಿದಳು. ಮ್ಯಾಲಿಂದು ಇಷ್ಟೂ ತಗದು ಕಟ್ಟಿಕೊಟ್ಟಳು. ಬಿಲ್ಲಿನ್ಯಾಗ ಇಲ್ಲದ್ದು ನಮ್ಮನಿಗಿ ಬ್ಯಾಡ ಅಂತ ಹೇಳು ಅಂದಳು.”

ಸರಕಾರದವರು ಇಷ್ಟು ವರ್ಷದಲ್ಲಿ ಒಂದು ದಿನವೂ ನಮ್ಮ ಬಾಗಿಲಿಗೆ ಬಂದು ತೂಗಿ ನೋಡಿದವರಲ್ಲ. ನಾನು ಒಮ್ಮೆ ಲೆಕ್ಕ ತಪ್ಪಿಸಿದ್ದಕ್ಕೆ ಅಕ್ಕ ಹಿಡಿದಳು.

ಗಂಟು ಬಿಚ್ಚಿದೆ. ಕಂಪ್ಯೂಟರಿನ ಪ್ರಕಾರ ಈ ಉಂಡೆಗಳನ್ನು ನಾನು ಮಾಡಿಯೇ ಇರಲಿಲ್ಲ. ಆದ್ದರಿಂದ ಅವು ಹೋಗಿಯೂ ಇಲ್ಲ, ವಾಪಸು ಬಂದೂ ಇಲ್ಲ. ಒಂದನ್ನು ಜಗಲಿಯ ಮೇಲೆ ಇಟ್ಟು ಕೈಮುಗಿದೆ. ತಿರುಗಿ ನೋಡುವಷ್ಟರಲ್ಲಿ ನಮ್ಮನೆಯವರು ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದ್ದರು.

“ಬಾಣಂತಿಗಿ ಮಾಡಿದ್ವು ಅವು” ಎಂದೆ.

“ಗೊತ್ತದ,” ಎಂದರು ಅವರು, ಅಗಿಯುತ್ತ. “ಭಾಳ ಚಲೋ ಆಗ್ಯಾವ. ಅಳಬ್ಯಾಡ, ನೀನೂ ಒಂದು ತಿನ್ನು.”