ಗ್ರಹವಿಲ್ಲದ ಹರಳು

ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಹೆಂಡತಿಯನ್ನು ಪಡೆದ ಗಂಡಸರು ಪುಣ್ಯವಂತರು. ಆದರೆ ಆ ಪುಣ್ಯದ ಅರಿವು ಅವರಿಗಿರುವುದಿಲ್ಲ. ಸೀರೆ ಕೇಳಿದಳು, ಸರ ಕೇಳಿದಳು ಎಂದು ಸಂಜೆ ಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಾರೆ. ಕೇಳಿದವರಿಗೆ ಇಲ್ಲ ಅನ್ನಬಹುದು. ಸಂಸಾರಸ್ಥನಾದ ಗಂಡಸಿಗೆ ಉಳಿದಿರುವ ರಾಜಾಧಿಕಾರ ಅದೊಂದೇ. ಏನನ್ನೂ ಕೇಳದ ಹೆಂಡತಿಯ ಗಂಡನಿಗೆ ಅದೂ ಇಲ್ಲ. ನನ್ನ ಹೆಂಡತಿ ನೀಲಮ್ಮ ಈ ಎರಡನೆಯ ಪೈಕಿ. ಸಿರುಗುಪ್ಪದ ಗದ್ದೆಯ ತಂಪಿನಿಂದ ಬಳ್ಳಾರಿಯ ಬಿಸಿಲಿಗೆ ಬಂದ ಮೇಲೆ ಆಕೆ ನನ್ನನ್ನು ಕೇಳಿಕೊಂಡದ್ದೆಂದರೆ, ಮಧ್ಯಾಹ್ನ ಹೊರಗೆ ಹೋಗುವಾಗ ತಲೆಗೆ ಒಂದು ಟವೆಲ್ಲು ಹಾಕಿಕೊಳ್ಳಿ ಎಂದಷ್ಟೇ. ಆಕೆಯ ಶಬ್ದಕೋಶ ಬಹಳ ಚಿಕ್ಕದು. 'ಇರ್ಲಿ ಬಿಡ್ರಿ' ಎಂದರೆ ಬೇಡ. 'ಈಗ್ಯಾಕ ಅದು' ಎಂದರೆ ಖಂಡಿತ ಬೇಡ. 'ಚಲೋ ಐತಿ' ಎಂಬ ಮಾತು ಮಾತ್ರ ಬಲು ಅಪರೂಪ. ಮದುವೆಯಾದ ಹೊಸದರಲ್ಲಿ ಊರಿನ ಗುಡ್ಡವನ್ನು ನೋಡಿ ಒಮ್ಮೆ ಅಂದಿದ್ದಳು. ನಮ್ಮವ್ವ ಮಾಡಿದ ಶೇಂಗಾ ಹೋಳಿಗೆಗೆ ಇನ್ನೊಮ್ಮೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನ್ನ ಚಿತ್ರಗಳು ಇನ್ನೂ ಸರದಿಯಲ್ಲಿ ನಿಂತಿವೆ.

ಹೀಗಿರುವಾಗ ಒಂದು ದಿನ ಆಕೆಯ ಬೆಂಡೋಲೆಯ ತಿರುಪು ಸವೆದು, ಅದನ್ನು ಸರಿ ಮಾಡಿಸಲು ನಾವಿಬ್ಬರೂ ಕೌಲ್ ಬಜಾರಿನ ಪತ್ತಾರರ ಅಂಗಡಿಗೆ ಹೋದೆವು. ಅಲ್ಲಿ ಕರೀಂ ಸಾಹೇಬರು ಕೂತಿದ್ದರು. ಅವರು ಹರಳಿನ ವ್ಯಾಪಾರದವರು. ಅಂಗಡಿ ಇರಲಿಲ್ಲ, ಅವರ ಕೋಟಿನ ಒಳಜೇಬೇ ಅಂಗಡಿ. ಅದರಿಂದ ಒಂದೊಂದೇ ಕಾಗದದ ಪೊಟ್ಟಣ ತೆಗೆದು, ಮಗುವಿನ ಮುಖದ ಮೇಲಿನ ಬಟ್ಟೆ ಸರಿಸುವವರಂತೆ ಮೆಲ್ಲಗೆ ಬಿಡಿಸಿ ಪತ್ತಾರರಿಗೆ ತೋರಿಸುತ್ತಿದ್ದರು. ನಾನು ತಿರುಪಿನ ಕಡೆ ನೋಡುತ್ತಿದ್ದೆ. ಆಗ ನನ್ನ ಹಿಂದಿನಿಂದ, ಯಾರಿಗೆ ಹೇಳಿದ್ದು ಎಂದು ಗೊತ್ತಾಗದ ಹಾಗೆ, "ಚಲೋ ಐತಿ" ಎಂಬ ಮಾತು ಕೇಳಿಸಿತು.

ತಿರುಗಿ ನೋಡಿದೆ. ಬಿಳಿ ಕಾಗದದ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಹರಳೊಂದು ಕೂತಿತ್ತು. ಬಣ್ಣದ ವಿಷಯದಲ್ಲಿ ಮಾತಾಡುವ ಹಕ್ಕನ್ನು ಸರ್ಕಾರವೇ ನನಗೆ ಸಂಬಳ ಸಮೇತ ಕೊಟ್ಟಿದ್ದರೂ, ಆ ಬಣ್ಣಕ್ಕೆ ನನ್ನಲ್ಲಿ ಹೆಸರಿರಲಿಲ್ಲ. ಗುಲಾಬಿ ಅನ್ನೋಣವೆಂದರೆ ಅಷ್ಟು ಗಟ್ಟಿಯಲ್ಲ. ಉಳ್ಳಾಗಡ್ಡಿಯ ಒಳಸಿಪ್ಪೆಯನ್ನು ಬೆಳಗಿನ ಬಿಸಿಲಿಗೆ ಹಿಡಿದರೆ ಒಂದು ಬಣ್ಣ ಕಾಣುತ್ತದಲ್ಲ, ಅದು. ನಾಚಿಕೆಯಾಗಿದೆ, ಆದರೆ ಯಾರಿಗೂ ಗೊತ್ತಾಗಬಾರದು ಎನ್ನುವಂಥದು. ನಾನು ನೀಲಮ್ಮನ ಮುಖ ನೋಡುವಷ್ಟರಲ್ಲಿ ಆಕೆ ಬೆಂಡೋಲೆ ಹಾಕಿಕೊಂಡು, ಹೊರಗೆ ನಿಂತು, ಬಾಳೆಹಣ್ಣಿನ ಗಾಡಿಯನ್ನು ಅನಗತ್ಯ ಆಸಕ್ತಿಯಿಂದ ನೋಡುತ್ತಿದ್ದಳು.

ಮರುದಿನದಿಂದ ನಾನು ರತ್ನಶಾಸ್ತ್ರದ ವಿದ್ಯಾರ್ಥಿಯಾದೆ. ಕರೀಂ ಸಾಹೇಬರು ಅದನ್ನು 'ಗುಲಾಬಿ ಪಚ್ಚೆ' ಎಂದು ಕರೆದರು. ಪಚ್ಚೆ ಎಂದರೇ ಹಸಿರಲ್ಲವೇ ಸಾಹೇಬರೇ ಎಂದಿದ್ದಕ್ಕೆ, ಒಂದೇ ಮನೆಯಲ್ಲಿ ಅಣ್ಣ ಕಪ್ಪು ತಂಗಿ ಕೆಂಪು ಹುಟ್ಟುವುದಿಲ್ಲವೇ ಎಂದು ಕೇಳಿದರು. ಎರಡು ಸಣ್ಣ ಹರಳು ತೆಗೆದು ಬೆಂಡೋಲೆಗೇ ಕೂರಿಸಿದರೆ ಹೇಗೆ ಎಂಬ ನನ್ನ ಯೋಜನೆಯನ್ನು ಅವರು ತಲೆಯಲ್ಲಾಡಿಸಿ ಹೊಡೆದು ಹಾಕಿದರು. ಈ ಜಾತಿಯ ಹರಳು ದೊಡ್ಡದಿದ್ದರೇ ಬಣ್ಣ. ಸಣ್ಣದು ಮಾಡಿದರೆ ನೀರಿನ ಹನಿಯಂತೆ ಬೆಳ್ಳಗಾಗುತ್ತದೆ. ಕೆಲವರು ಹರಳಿನ ಹಿಂದೆ ಬಣ್ಣದ ಬೇಗಡೆ ಇಟ್ಟು, ಕಿಂಡಿ ಮುಚ್ಚಿ ಮಾರುತ್ತಾರಂತೆ. ಆದ್ದರಿಂದ ಉಂಗುರವನ್ನೇ ಮಾಡಿಸಿ, ಹಿಂದೆ ಕಿಂಡಿ ತೆರೆದೇ ಇರಲಿ ಎಂದರು. ಅಂಗಡಿಯ ದೀಪದ ಕೆಳಗೆ ಅದನ್ನು ಹಿಡಿದು ನೋಡುತ್ತಿದ್ದ ನನ್ನನ್ನು ಬೀದಿಗೆ ಎಳೆದುಕೊಂಡು ಬಂದು, "ಹಗಲ ಬೆಳಕಿನಾಗ ನೋಡ್ರಿ ಮೇಷ್ಟ್ರ. ದೀಪದ ಕೆಳಗ ಎಲ್ಲಾ ಹರಳೂ ಮದುಮಗಳೇ" ಎಂದರು. ವಧುಪರೀಕ್ಷೆಗೆ ಹೋಗುವ ಎಲ್ಲ ತರುಣರಿಗೂ ಉಪಯುಕ್ತವಾದ ಮಾತಾದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ಇಷ್ಟಕ್ಕೆ ತೃಪ್ತಿಯಾಗದೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ವಿಚಾರಿಸಿದೆ. ಅವರನ್ನು ಏನಾದರೂ ಕೇಳುವುದೆಂದರೆ ನಲ್ಲಿಯನ್ನು ತಿರುಗಿಸಿ ಮನೆಗೆ ಬೀಗ ಹಾಕಿಕೊಂಡು ಊರಿಗೆ ಹೋದಂತೆ. ಬೆರಿಲ್ ಎಂಬುದು ಕುಲದ ಹೆಸರು, ಅದು ಶುದ್ಧವಾಗಿದ್ದರೆ ಬಣ್ಣವೇ ಇಲ್ಲ, ಅದರೊಳಗೆ ಬೇರೆ ಏನೋ ಒಂದು ಚಿಟಿಕೆ ಸೇರಿದರೆ ಹಸಿರಾಗಿ ಪಚ್ಚೆ ಎನಿಸಿಕೊಳ್ಳುತ್ತದೆ, ಮ್ಯಾಂಗನೀಸು ಸೇರಿದರೆ ಈ ಗುಲಾಬಿ ಬರುತ್ತದೆ, ಎಂದು ಘಂಟೆ ಹೊಡೆಯುವವರೆಗೂ ಹೇಳಿದರು. ನನಗೆ ಆಶ್ಚರ್ಯವಾಯಿತು. ಮ್ಯಾಂಗನೀಸೆಂದರೆ ನಮ್ಮ ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಬರುವ ಅದೇ ಅದಿರು. ದಾರಿಯುದ್ದಕ್ಕೂ ಒಣಹಾಕಿದ ಪಂಚೆಗಳನ್ನೆಲ್ಲ ಹಾಳು ಮಾಡುವ ಧೂಳು. ಅದೇ ಮಸಿ ಮೋರೆಯ ವಸ್ತು ಎಲ್ಲೋ ಸಮುದ್ರದಾಚೆಯ ಬಂಡೆಯೊಳಗೆ ಹೊಕ್ಕು ಹೀಗೆ ನಾಚಿಕೊಂಡು ಕೂತಿದೆ. ಈ ಸುದ್ದಿಯನ್ನು ನೀಲಮ್ಮನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಾಗಾದರೆ ಅರ್ಧ ನಮ್ಮ ಕಡೆಯದೇ ಆಯಿತು ಎಂದು, ಬಹಳ ಹೊತ್ತು ಏನೋ ಯೋಚಿಸುತ್ತ, ಒಂದು ರೊಟ್ಟಿಯನ್ನು ಸುಟ್ಟು ಕರಿಮಾಡಿದಳು. ಆಕೆಗೆ ಅದು ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ನೀಲಮ್ಮ ರೊಟ್ಟಿ ಸುಡುವವಳಲ್ಲ.

ಉಳಿದದ್ದು ಒಂದೇ ನ್ಯಾಯಾಲಯ. ನಮ್ಮವ್ವ. ಆಕೆಯ ತವರು ಕುರುಗೋಡು. ಆ ಊರಿನಲ್ಲಿ ಎಲ್ಲಿ ನೋಡಿದರೂ ಬಂಡೆ. ಹೀಗಾಗಿ ಕಲ್ಲಿನ ಜಾತಿಗೆ ಸೇರಿದ ಯಾವ ವಿಷಯವಿದ್ದರೂ ಕೊನೆಯ ಮಾತು ತನ್ನದೇ ಎಂದು ಆಕೆಯ ನಂಬಿಕೆ. ನಾನು ಬೆರಿಲ್ಲಿನ ವಂಶಾವಳಿಯನ್ನೆಲ್ಲ ಸಾದರಪಡಿಸಿದೆ. ಅವ್ವ ಎಲೆಗೆ ಸುಣ್ಣ ಸವರುತ್ತಾ ಎಲ್ಲವನ್ನೂ ಕೇಳಿ, ಒಂದೇ ಪ್ರಶ್ನೆ ಹಾಕಿದಳು: ಇದು ಯಾವ ಗ್ರಹದ ಹರಳು?

ವಿಜ್ಞಾನದ ಮೇಷ್ಟ್ರು ಇದೊಂದನ್ನು ಹೇಳಿರಲಿಲ್ಲ. ನವರತ್ನಗಳಿಗೆ ಒಂದೊಂದು ಗ್ರಹ ಕಾವಲಿಗಿದೆ. ಇದು ಆ ಒಂಬತ್ತರಲ್ಲಿ ಇಲ್ಲ. ಅವ್ವನ ಆಜ್ಞೆಯಂತೆ ಕುರುಗೋಡಿನ ಜೋಯಿಸರ ಹತ್ತಿರ ಹೋದೆ. ಕೆಂಪಿನ ಛಾಯೆ ಇರುವುದರಿಂದ ಇದು ಸೂರ್ಯನ ಪಾಲಿಗೆ ಬರುತ್ತದೆ ಎಂದರು. ನೀಲಮ್ಮನ ತವರಿನವರಿಗೆ ಬೇಸರವಾಗಬಾರದೆಂದು ಬಸ್ಸು ಹತ್ತಿ ಸಿರುಗುಪ್ಪದ ಅಯ್ಯನವರ ಹತ್ತಿರವೂ ಹೋದೆ. ಪಚ್ಚೆಯ ಕುಲ ಅಂದ ಮೇಲೆ ಬುಧನದೇ, ಸೂರ್ಯನಿಗೇನು ಸಂಬಂಧ ಎಂದು ಅವರು ಸಿಟ್ಟಾದರು. ಹೀಗೆ ಎರಡು ಗ್ರಹಗಳ ಗಡಿ ತಂಟೆಯಲ್ಲಿ ನನ್ನ ಹರಳು ಯಾರಿಗೂ ಸೇರದೆ ನಿಂತಿತು. ಗಡಿಯ ಊರಿನವನಾದ ನನಗೆ ಅದರ ಮೇಲೆ ಕನಿಕರ ಹೆಚ್ಚಾಯಿತು. ಕೊನೆಗೆ ಅವ್ವ, ಯಾವ ಗ್ರಹವೂ ಹೇಳದಿದ್ದರೆ ಮನೆಯೇ ಹೇಳಲಿ, ಮೂರು ದಿನ ಇಟ್ಟು ನೋಡೋಣ ಎಂದಳು.

ಇದು ನಮ್ಮ ಕಡೆಯ ಹಳೆಯ ಪದ್ಧತಿ. ಹರಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಡುವುದು. ಅಷ್ಟರಲ್ಲಿ ಮನೆಯಲ್ಲಿ ಕೆಟ್ಟದ್ದೇನೂ ಆಗದಿದ್ದರೆ ಅದು ಆಗಿಬಂತು ಎಂದು ಇಟ್ಟುಕೊಳ್ಳುವುದು, ಏನಾದರೂ ಆಯಿತೆಂದರೆ ವಾಪಸು. ಕರೀಂ ಸಾಹೇಬರೂ ನಗುತ್ತಲೇ ಒಪ್ಪಿದರು. ಎಮ್ಮೆ ಒದೆಯಿತೆಂದು ಅವರ ಹರಳು ತಿರುಗಿ ಬಂದದ್ದುಂಟಂತೆ. ಬೀಗರು ಬಂದು ಹದಿನೈದು ದಿನ ಏಳಲಿಲ್ಲವೆಂದೂ ಒಂದು ಬಂದಿತ್ತಂತೆ.

ನಾನು ವಿಚಾರವಂತ. ಇಂಥದನ್ನೆಲ್ಲ ನಂಬುವುದಿಲ್ಲ. ನಂಬದವನಿಗೆ ಮೂರು ದಿನ ಎಷ್ಟು ಕಷ್ಟವೆಂಬುದು ನಂಬುವವರಿಗೆ ಗೊತ್ತಾಗದು. ಮೊದಲನೆಯ ದಿನವೇ ಹಾಲು ಒಡೆಯಿತು. ಬಳ್ಳಾರಿಯ ಬೇಸಿಗೆಯಲ್ಲಿ ಹಾಲು ಒಡೆಯದಿದ್ದರೆ ಅದೇ ಅಪಶಕುನ; ಆದರೆ ಈ ತರ್ಕ ಅವ್ವನ ಮುಂದೆ ನಡೆಯುವಂಥದಲ್ಲ. ನಾನು ಅಡಿಗೆಮನೆಗೆ ಹೋದಾಗ ನೀಲಮ್ಮ ಬಾಗಿಲಿಗೆ ಬೆನ್ನು ಮಾಡಿ, ಒಡೆದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಕುದಿಸುತ್ತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ಬೇಡಿಕೊಂಡಳು. ಎಂದೂ ತನಗಾಗಿ ಏನನ್ನೂ ಕೇಳದವಳು ಕೇಳಿದ ಮೊದಲನೆಯ ವರ ಅದು: ಸುಮ್ಮನಿರುವುದು. ನನ್ನಿಂದ ಆಗಬಹುದಾದ ವರವೂ ಹೌದು. ಮಧ್ಯಾಹ್ನ ಅವ್ವ ಆ ಸಿಹಿಯನ್ನು ಎರಡು ಸಲ ಹಾಕಿಸಿಕೊಂಡು, ಹರಳು ಬಂದ ದಿನವೇ ಬಾಯಿ ಸಿಹಿಯಾಯಿತು ಎಂದಳು.

ಎರಡನೆಯ ದಿನ ಶಾಲೆಯಿಂದ ಬರುವಾಗ, ಮನೆಯಲ್ಲಿ ಏನಾಯಿತೋ ಎಂದು ಯೋಚಿಸುತ್ತಾ ಸೈಕಲ್ಲು ಹೊಡೆಯುತ್ತಿದ್ದೆ. ಜಟಕಾ ಒಂದಕ್ಕೆ ದಾರಿ ಬಿಡಲು ಹೋಗಿ, ಇನ್ನೊಂದು ಜಟಕಾದ ದಾರಿಯಲ್ಲಿ ಬಿದ್ದೆ. ಕಾಲು ಉಳುಕಿತು. ನೋವಿಗಿಂತ ಮೊದಲು ನೆನಪಾದದ್ದು ಜಗಲಿಯ ಮೇಲಿನ ಗಂಟು. ಮನೆಯ ಮೂಲೆ ತಿರುಗುವವರೆಗೆ ಕುಂಟಿದೆ. ತಿರುಗಿದ ಮೇಲೆ, ಕಟ್ಟೆಯ ಮೇಲೆ ಕೂತ ಅವ್ವನ ಎದುರಿಗೆ, ಸೈಕಲ್ಲಿನ ಮೇಲೆ ಭಾರ ಹಾಕಿ, ಮೆರವಣಿಗೆಯಲ್ಲಿ ಬರುವ ಮದುಮಗನಂತೆ ನಿಧಾನವಾಗಿ ನಡೆದು ಒಳಗೆ ಹೋದೆ. ನೀಲಮ್ಮ ಬಿಸಿ ಉಪ್ಪಿನ ಗಂಟು ತಂದು ನನ್ನ ಕಾಲಿಗೆ ಒತ್ತಿದಳು. ಒತ್ತುವಾಗ ಆಕೆಯ ಅಂಗೈಯಲ್ಲಿ ಬೊಬ್ಬೆ ಕಂಡಿತು. ಸ್ಟೌ ಭಗ್ಗೆಂದಿತ್ತು. ನಾವಿಬ್ಬರೂ ಒಬ್ಬರ ಗಾಯವನ್ನೊಬ್ಬರು ನೋಡಿಕೊಂಡು, ಕಳ್ಳರಂತೆ ನಕ್ಕೆವು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವು ಇಬ್ಬರೇ ಸೇರಿ ಮಾಡಿದ ಮೊದಲ ಸಂಚು ಅದು.

ಮೂರು ದಿನ ಕಳೆದ ಬೆಳಿಗ್ಗೆ ವಿಚಾರಣೆ. ಅವ್ವ ಸ್ನಾನ ಮಾಡಿ, ವಿಭೂತಿ ಧರಿಸಿ, ಜಗಲಿಯ ಮುಂದೆ ಚಾಪೆ ಹಾಕಿಕೊಂಡು ಕೂತಳು. ಮನೆಯಲ್ಲಿ ಏನಾದರೂ ಆಯಿತೇ ಎಂದು ಸೊಸೆಯನ್ನು ಕೇಳಿದಳು. ನೀಲಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿ, ಏನಿಲ್ಲವೆಂದಳು. ನನ್ನನ್ನು ಕೇಳಿದಳು. ನಾನು ಕೆರೆಯ ಕೊಕ್ಕರೆಯಂತೆ ಒಂದೇ ಕಾಲಿನ ಮೇಲೆ ನಿಂತು, ಏನಿಲ್ಲವೆಂದೆ. ಅವ್ವ ತಲೆಯಲ್ಲಾಡಿಸಿ, ಜಗಲಿಯ ಮೇಲೆ ಕೈಯಾಡಿಸಿ ಬಿಳಿ ಗಂಟನ್ನು ಎತ್ತಿಕೊಂಡು, ನಮ್ಮೆದುರಿಗೆ ಬಿಚ್ಚಿದಳು.

ಅದರೊಳಗೆ ಹರಳಿರಲಿಲ್ಲ. ಅವ್ವನ ಚಸ್ಮಾ ಇತ್ತು. ನಡುವೆ ಮುರಿದು ಎರಡಾಗಿತ್ತು. ಒಂದು ಗಾಜು ಚೂರಾಗಿತ್ತು. ಯಾರಿಗೂ ಕಾಣದಿರಲೆಂದು ಅವ್ವ ಅದನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಅಲ್ಲಿಟ್ಟಿದ್ದಳು; ಹರಳಿನ ಗಂಟು ಪಕ್ಕದಲ್ಲೇ ಇತ್ತು. ಚಸ್ಮಾ ಇಲ್ಲದ ಕಣ್ಣಿಗೆ ಎರಡೂ ಒಂದೇ ತರ ಕಂಡಿದ್ದವು.

ಈ ಮೂರು ದಿನ ಅವ್ವ ಕಣ್ಣಿಗೆ ವಿಶ್ರಾಂತಿ ಎಂದು ಪುರಾಣದ ಪುಸ್ತಕ ಮುಟ್ಟಿರಲಿಲ್ಲ. ಅಕ್ಕಿ ಆರಿಸುವುದನ್ನು ಸೊಸೆಗೆ ಬಿಟ್ಟಿದ್ದಳು. ನಮಗೆ ನಮ್ಮ ಸಂಚಿನ ಗಡಿಬಿಡಿಯಲ್ಲಿ ಅದು ಹೊಳೆದಿರಲಿಲ್ಲ.

"ಹರಳು ಬಂದ ದಿನಾನ ಮುರೀತು," ಅಂದಳು ಅವ್ವ. "ನಾನ ಅದರ ಮ್ಯಾಲೆ ಕುಂತೆ."

"ಹೇಳಬಾರದಾಗಿತ್ತೇನ್ರಿ ಅತ್ತಿ?" ಎಂದಳು ನೀಲಮ್ಮ.

ಅವ್ವ ಮುರಿದ ಚಸ್ಮಾವನ್ನೇ ನೇವರಿಸುತ್ತಾ ಕೂತಳು. ಆಮೇಲೆ, ನಮ್ಮಿಬ್ಬರ ಮುಖ ನೋಡದೆ ಹೇಳಿದಳು. "ನಾ ಈ ಮನಿಗೆ ಬಂದ ಹೊಸದಾಗ ನನಗೂ ಒಂದು ಕೆಂಪಿನ ಮೂಗುಬಟ್ಟು ತಂದಿದ್ರು. ಇಲ್ಲೇ ಇಟ್ಟಿದ್ರು, ಇದ ಜಗಲಿ ಮ್ಯಾಲೆ. ಎರಡನೇ ದಿನ ಆಕಳ ಕರಾ ಸತ್ತಿತು. ವಾಪಸ್ ಕಳಿಸಿದ್ರು. ಅದು ಹುಟ್ಟಿದಾಗಿಂದ ಹಾಲು ಕುಡಿಯದ ಕರಾ, ಸಾಯೂದು ಇತ್ತು ಸತ್ತಿತು. ಹರಳು ಏನು ಮಾಡಿತ್ತವ್ವಾ ಪಾಪ? ಆದ್ರ ಅದನ್ನ ಕೇಳಾಕ ನನಗ ಬಾಯಿ ಇರಲಿಲ್ಲ."

ಈ ಅವ್ವನನ್ನು ಹುಟ್ಟಿದಾಗಿನಿಂದ ಕಂಡವನು ನಾನು. ಆಕೆಗೆ ಒಮ್ಮೆ ಏನಾದರೂ ಬೇಕಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನೀಲಮ್ಮ ಮೆಲ್ಲಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಸೆರಗಿನೊಳಗಿನ ಕೈ ಹೊರಗೆ ಬಂತು. ಅವ್ವ ಆ ಬೊಬ್ಬೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಬೆಣ್ಣೆ ಹಚ್ಚಬೇಕಿತ್ತು ಎಂದಳು. ವಾತಾವರಣ ನನ್ನ ಕಡೆಗೂ ಮೃದುವಾಗಿರಬಹುದೆಂದು ಭಾವಿಸಿ, ನನ್ನ ಕಾಲಿನ ವಿಷಯವನ್ನೂ ಕೋರ್ಟಿನ ಗಮನಕ್ಕೆ ತರಲು ಹೊರಟೆ.

"ಗೊತ್ತೈತಿ," ಎಂದಳು ಅವ್ವ. "ಚಸ್ಮಾ ಮುರದ್ರ ಕಿವೀನೂ ಹೋಗ್ತಾವೇನು? ಮೊನ್ನೆಯಿಂದ ಮನ್ಯಾಗ ಒಂದ ಕಾಲಿನ ಸಪ್ಪಳ ಕೇಳಾಕತ್ತೈತಿ. ಹಾಲು ಒಡದದ್ದೂ ಗೊತ್ತೈತಿ. ಎರಡು ಸಲ ತಿಂದಾಕಿ ನಾನ." ಆಮೇಲೆ ಸೊಸೆಯ ಕಡೆ ತಿರುಗಿ ತೀರ್ಪು ಓದಿದಳು. "ಇಂವ ಅಂಬೆಗಾಲು ಬಿಟ್ಟು ಎದ್ದಾಗಿಂದ ಬೀಳಾಕ ಹತ್ಯಾನ. ಆವಾಗ ಮನ್ಯಾಗ ಯಾವ ಹರಳಿತ್ತು? ಉಂಗುರ ಮಾಡಿಸ್ಕೋ ಹೋಗು."

ಉಂಗುರವಾಯಿತು. ಪತ್ತಾರರು ಹಿಂದೆ ಕಿಂಡಿ ಬಿಟ್ಟು ಕೂರಿಸಿದರು. ಅವ್ವನಿಗೆ ಹೊಸ ಚಸ್ಮಾ ಬಂದ ದಿನ, ಆಕೆ ಮೊದಲು ಮಾಡಿದ ಕೆಲಸವೆಂದರೆ ಸೊಸೆಯನ್ನು ಅಂಗಳದ ಬಿಸಿಲಿಗೆ ಕರೆದುಕೊಂಡು ಹೋಗಿ, ಅವಳ ಕೈ ಹಿಡಿದು, ಆ ಹರಳನ್ನು ಅತ್ತ ಇತ್ತ ಹೊರಳಿಸಿ ನೋಡಿದ್ದು. ಇಬ್ಬರೂ ತಲೆಗೆ ತಲೆ ತಾಗಿಸಿ ಅದೇನು ಮಾತಾಡಿದರೋ. ನಾನು ಹತ್ತಿರ ಹೋದೊಡನೆ ನಿಲ್ಲಿಸಿದರು. ಹರಳಿನ ಮೇಲಿನ ಆಪಾದನೆ ವಜಾ ಆಯಿತು ಎಂಬ ಸಂತೋಷದಲ್ಲಿ, ಆ ಜಾಗದಲ್ಲಿ ಶಿಕ್ಷೆಯಾದವನು ನಾನು ಎಂಬುದು ನನ್ನ ಲಕ್ಷ್ಯಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು.

ಮೊನ್ನೆ ನನ್ನ ಕೈಯಿಂದ ಹಿತ್ತಾಳೆ ಚೊಂಬು ಜಾರಿ, ಇಡೀ ಓಣಿಗೆ ಕೇಳುವಂತೆ ಸದ್ದು ಮಾಡುತ್ತಾ ಮೇಜಿನ ಕೆಳಗೆ ಉರುಳಿತು. ನೀಲಮ್ಮ ಓಡಿ ಬಂದಳು. ಬಂದವಳು ಚೊಂಬನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಟ್ಟನೆ ಎಡಗೈಯಿಂದ ಬಲಗೈಯ ಉಂಗುರವನ್ನು ಮುಚ್ಚಿಕೊಂಡಳು. ಬಹಳ ದಿನಗಳಿಂದ ಹೀಗೆ ಮಾಡುತ್ತಿದ್ದಾಳೆಂದು ಆಗ ಹೊಳೆದು, ಯಾಕೆ ಎಂದು ಕೇಳಿದೆ.

"ಪಾಪ, ಎಲ್ಲಿಂದಲೋ ನಮ್ಮ ಮನೀಗೆ ಬಂದೈತ್ರಿ," ಎಂದಳು. "ನೀವು ಬೀಳೂದು, ಬೀಳ್ಸೂದು ಎಲ್ಲ ಅದರ ತಲಿಗೆ ಬರಬಾರದು."

ಇದಕ್ಕೆ ಗಂಡನಾದವನು ಒಂದು ಗಂಭೀರವಾದ ಉತ್ತರ ಕೊಡಬೇಕಾಗಿತ್ತು. ಮೊದಲು ಚೊಂಬು ತೆಗೆದುಕೊಳ್ಳೋಣವೆಂದು ಮೇಜಿನ ಕೆಳಗೆ ಬಗ್ಗಿದೆ. ಉತ್ತರ ಹೊಳೆಯಿತೆಂದು ಅಲ್ಲಿಂದಲೇ ಎದ್ದೆ. ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ನೋಡಿದರೆ, ಅವಳ ಕೈ ಇನ್ನೂ ಉಂಗುರದ ಮೇಲೇ ಇತ್ತು.