ಗ್ಲಾಡಿಸ್‌ಗೆ ಚಾಕು

"ಅವಳ ಮೈಗೆ ಚಾಕು ತಾಗಿಸಿ ನೋಡಿ, ಆಮೇಲೆ ಇದೆ ನಿಮಗೆ!"

ಶಾಲೆಯ ತೋಟದಲ್ಲಿ ಒಂಬತ್ತು ವರ್ಷದ ಓಪಲ್ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಅವಳ ಜೊತೆಗೆ ನಾಲ್ಕನೇ ತರಗತಿಯ ಇಪ್ಪತ್ತೆರಡು ಮಕ್ಕಳು. ಎಲ್ಲರ ಹಿಂದೆ, ಊಟ ಮುಗಿಸಿ ಬಿಸಿಲಿಗೆ ಕೂತ ಮೇಯರನ ಹಾಗೆ, ಒಂದು ದಪ್ಪ ಕುಂಬಳಕಾಯಿ.

"ಅವಳಲ್ಲ, ಅದು! ಕುಂಬಳಕಾಯಿ!" ಬಾಣಸಿಗ ಎಲ್ಡನ್ ಥರ್ಸ್ಟನ್ ಅರಚಿದ.

"ಗ್ಲಾಡಿಸ್ ಅಂತ ಹೆಸರಿದೆ. ಗಿಡದ ಹತ್ರ ದಿನಾ ಮಾತಾಡಿ, ಮನೆಯವರ ಹಾಗೆ ನೋಡ್ಕೊಳ್ಳಿ ಅಂದಿದ್ಯಾರು?"

ಅಂದಿದ್ದು ಅವನೇ. ಮಕ್ಕಳಿಗೆ ಬೆಳೆಯುವುದನ್ನೂ ಬೇಯಿಸುವುದನ್ನೂ ಕಲಿಸಿದ್ದಕ್ಕೆ ವರ್ಮಾಂಟ್ ರಾಜ್ಯದ ರಾಜಧಾನಿಯಿಂದ ಒಬ್ಬ ಹೆಂಗಸು ಬಂದು ಮಧ್ಯಾಹ್ನ ಅವನಿಗೆ ಪದಕ ಹಾಕುವವಳಿದ್ದಳು. ಅದನ್ನು ತೂಗುಹಾಕಲು ತನ್ನ ಹೋಟೆಲಿನ ಗೋಡೆಗೆ ಬೆಳಿಗ್ಗೆಯೇ ಮೊಳೆ ಹೊಡೆದು, ಊರಿಗೆಲ್ಲ ಸಾರಿ ಬಂದಿದ್ದ. ಷರತ್ತು ಒಂದೇ: ಶಾಲೆಯ ತೋಟದ ಕಾಯಿಯಲ್ಲೇ ಸೂಪ್ ಮಾಡಿ ಬಡಿಸಬೇಕು. ಜಿಂಕೆಗಳು ತಿಂದು ಉಳಿಸಿದ್ದು ಗ್ಲಾಡಿಸ್ ಒಬ್ಬಳನ್ನೇ.

ಹೆಡ್‌ಮಿಸ್ ಕಿಂಬಲ್ ಓಡಿ ಬಂದರು. "ಕೂಗಾಟ ಯಾಕೆ? ಕೈ ಎತ್ತಿಸೋಣ."

"ಸೂಪಿಗೆ ವೋಟಾ?"

"ಸೇತುವೆಗೆ ಬಣ್ಣ ಬಳಿಯೋಕೂ ಊರ ಸಭೇಲಿ ಕೈ ಎತ್ತಲ್ವಾ, ಎಲ್ಡನ್? ಸೂಪೇನು ದೊಡ್ಡದಾ?"

ಗ್ಲಾಡಿಸ್ ಉಳಿಯಲಿ ಎಂದು ಇಪ್ಪತ್ತಮೂರು ಕೈ. ಸೂಪಾಗಲಿ ಎಂದು ಒಂದು. ಆ ಒಂದರಲ್ಲಿ ಚಾಕುವಿತ್ತು.

ಥರ್ಸ್ಟನ್ ಹಲ್ಲು ಕಡಿಯುತ್ತ ಕಾರು ಹತ್ತಿ ಅಂಗಡಿಗೆ ಓಡಿದ. ವಾಪಸು ಬಂದು ಶಾಲೆಯ ಅಡುಗೆಮನೆಯಲ್ಲಿ ಕಳ್ಳನ ಹಾಗೆ ಡಬ್ಬ ಕೊಯ್ದು ಕುಂಬಳದ ತಿರುಳನ್ನು ಪಾತ್ರೆಗೆ ಸುರಿಯುತ್ತಿದ್ದಾಗ ಅಡುಗೆಯ ಡಾಟಿ ಬಾಗಿಲಲ್ಲಿ ನಿಂತಿದ್ದಳು.

"ಓಹೋ! ನಿನ್ನ ತೋಟ ಅಂಗಡೀಲಿ ಎಷ್ಟನೇ ಸಾಲು, ಮಹಾರಾಯ?"

"ಬಾಯಿ ಮುಚ್ಕೊಂಡು ಬೆಣ್ಣೆ ಕೊಡು."

ತೋಟದಲ್ಲೇ ಮೇಜು ಹಾಕಿದರು. ರಾಜಧಾನಿಯ ಹೆಂಗಸು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಆಹಾ! ಈ ಮಣ್ಣಿನದೇ ರುಚಿ! ಮಕ್ಕಳಿಗೂ ಕೊಡಿ."

ಥರ್ಸ್ಟನ್ ಸೌಟನ್ನು ಬೆನ್ನ ಹಿಂದೆ ಅಡಗಿಸಿದ. ಇಡೀ ವರ್ಷ ಅವನು ಮಕ್ಕಳಿಗೆ ಆಡಿಸಿದ್ದು ಒಂದೇ ಆಟ. ಕಣ್ಣು ಮುಚ್ಚಿ ರುಚಿ ನೋಡಿ, ತೋಟದ್ದೋ ಡಬ್ಬದ್ದೋ ಹೇಳಬೇಕು. ಹಾಳು ಮಕ್ಕಳು ಒಮ್ಮೆಯೂ ಸೋತಿರಲಿಲ್ಲ.

ಓಪಲ್ ಕಣ್ಣು ಮುಚ್ಚಿ ನುಂಗಿದಳು. "ಡಬ್ಬ."

"ಡಬ್ಬ," ಎಂದರು ಉಳಿದವರು.

"ಹಳೇ ಡಬ್ಬ," ಎಂದ ಕೊನೆಯ ಬೆಂಚಿನವನೊಬ್ಬ.

ಹೆಂಗಸು ಎದ್ದು ನಿಂತಳು. ಥರ್ಸ್ಟನ್ ಪದಕದ ಆಸೆ ಬಿಟ್ಟ. ಆದರೆ ಅವಳ ಕಣ್ಣು ತುಂಬಿತ್ತು. "ನನ್ನ ನಾಲಗೆಯೇ ಮೋಸ ಹೋಯ್ತು, ಇವರದು ಹೋಗ್ಲಿಲ್ಲ! ಷರತ್ತು ಬದಿಗಿರ್ಲಿ. ಇಂಥ ಪಾಠ ಹೇಳಿದವರಿಗಲ್ಲದೆ ಇನ್ಯಾರಿಗೆ ಕೊಡೋದು?"

ಥರ್ಸ್ಟನ್ ಸರಕ್ಕನೆ ಕೊರಳು ಬಾಗಿಸಿದ.

"ಒಂದ್ನಿಮಿಷ," ಓಪಲ್ ಎದ್ದಳು. "ತೋಟದ ಪದಕ ತೋಟದಲ್ಲಿ ಬೆಳೆದವರಿಗೇ ಸಿಗ್ಬೇಕು. ಒಪ್ಪೋರು ಕೈ ಎತ್ತಿ."

ಇಪ್ಪತ್ತಮೂರು ಕೈ ಎದ್ದವು. ಡಾಟಿಯದೂ ಎದ್ದಿತು, ಕಿಂಬಲ್ ಅವರದೂ ಎದ್ದಿತು. "ಊರಿನ ಪದ್ಧತಿ ಅಂದ್ಮೇಲೆ..." ಎಂದು ಗೊಣಗಿ ಆ ಹೆಂಗಸೂ ಎತ್ತಿದಳು.

ಪದಕ ಗ್ಲಾಡಿಸ್‌ಳ ತೊಟ್ಟಿನ ಸುತ್ತ ಬಿತ್ತು. ಚಪ್ಪಾಳೆ ಮುಗಿಯುವವರೆಗೂ ಥರ್ಸ್ಟನ್‌ನ ಕೊರಳು ಬಾಗಿಯೇ ಇತ್ತು. ಆಮೇಲೆ ಏಪ್ರನ್ ಕಿತ್ತು ಮೇಜಿನ ಮೇಲೆಸೆದು ಗೇಟಿನ ಕಡೆ ನಡೆದ.

ಡಾಟಿ ಖಾಲಿ ಡಬ್ಬ ಹಿಡಿದು ಹಿಂದೆಯೇ ಓಡಿದಳು. "ಏ ಎಲ್ಡನ್! ಮೊಳೆ ಖಾಲಿ ಇದೆಯಲ್ಲೋ, ಈ ಡಬ್ಬನಾದ್ರೂ ತಗೊಂಡ್ಹೋಗು!"

ಅವನು ತಿರುಗಿ ನೋಡಲಿಲ್ಲ. ಆ ಗೇಟಿನೊಳಗೆ ಮತ್ತೆ ಕಾಲಿಡಲೂ ಇಲ್ಲ.