ಹೂವಿನಂತೆ ಬಂದ ಮುನೇಶ್ವರ

ಕಾಫಿ ಲೋಟ ಮುಟ್ಟುವ ಮೊದಲು ತೋಪಿನ ಮುನೇಶ್ವರನಿಗೆ ದೀಪ ಹಚ್ಚಿ ಬರುವುದನ್ನು ಮುನಿಯಲ್ಲಮ್ಮ ಒಂದು ದಿನವೂ ತಪ್ಪಿಸಿದವರಲ್ಲ. ಮಗನ ಮದುವೆಯ ಬೆಳಗ್ಗೆ ಬೀಗರನ್ನು ಬಾಗಿಲಲ್ಲೇ ನಿಲ್ಲಿಸಿ, ಹೋಗಿ ಹಚ್ಚಿ ಬಂದಿದ್ದರು. (ಬೀಗರು ಅದನ್ನು ಇನ್ನೂ ಮರೆತಿಲ್ಲ.) ಅಬ್ಬಿಗೆರೆಯ ಹೊಲಗಳೆಲ್ಲ ಬಾಡಿಗೆ ಮನೆಗಳಾದ ಮೇಲೂ ಉಳಿದದ್ದು ಆ ಮಾವಿನ ತೋಪು, ಅದರ ನಡುವೆ ಮೊಳಕಾಲೆತ್ತರದ ಒಂದು ಕರಿಕಲ್ಲು. ಆ ಕಲ್ಲೇ ಮುನೇಶ್ವರ. ಆ ಮನೆತನದಲ್ಲಿ ಹೆಂಗಸರು ಅವನನ್ನು ಮುಟ್ಟುವಂತಿಲ್ಲ. ಅತ್ತೆ ಮುಟ್ಟಿರಲಿಲ್ಲ, ಅತ್ತೆಯ ಅತ್ತೆಯೂ ಮುಟ್ಟಿರಲಿಲ್ಲ. ದೂರದಲ್ಲೇ ದೀಪ ಇಟ್ಟು, ದೂರದಿಂದಲೇ ಕೈಮುಗಿದು ಬರಬೇಕು.

ಈಗ ಆ ತೋಪಿಗೆ ಎರಡನೇ ಮಹಾಯುದ್ಧ ಬಂದಿತ್ತು.

ಯುದ್ಧವನ್ನು ಕರೆತಂದವರು ಅವರ ಯಜಮಾನರು ಮುನಿಆಂಜಿನಪ್ಪನವರು. ಸಿನಿಮಾದವರು ಜಾಗ ಕೇಳಿದಾಗ, "ನನಗೂ ಒಂದು ಪಾರ್ಟು ಕೊಟ್ರೆ ಮಾತ್ರ" ಎಂದಿದ್ದರು. ಬ್ರಿಟಿಷರ ಕಾಲದ ಕಥೆ. ಗೂಢಚಾರಿಯೊಬ್ಬ ಹಳ್ಳಿಯ ಗುಡಿಯಲ್ಲಿ ವೈರ್‌ಲೆಸ್ ಯಂತ್ರ ಬಚ್ಚಿಟ್ಟಿದ್ದಾನೆ, ದೊರೆಗಳ ಸೈನ್ಯ ಸುತ್ತುವರಿಯುತ್ತದೆ. ಮುನಿಆಂಜಿನಪ್ಪನವರದು ಊರ ಪಟೇಲನ ಪಾತ್ರ, ಒಂದೇ ಮಾತು: "ನಂಗೇನೂ ಗೊತ್ತಿಲ್ಲ, ದೊರೆ." ಅದನ್ನು ಅವರು ಬಚ್ಚಲಲ್ಲಿ, ಬಸ್‌ಸ್ಟಾಪಿನಲ್ಲಿ, ನಿದ್ದೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. "ಗ್ಯಾಸ್ ಬುಕ್ ಮಾಡಿದ್ರಾ?" ಎಂದು ಕೇಳಿದರೂ ಅದೇ ಉತ್ತರ.

ಅಂದು ಬೆಳಗ್ಗೆ ಅವರು ಕಾಫಿ ಹೀರುತ್ತಾ ಹೇಳಿದರು: "ಇವತ್ತು ತಿಂಡಿ ಆದ್ಮೇಲೆ ದೇವ್ರನ್ನ ಬಾಂಬಿಟ್ಟು ಹಾರಿಸ್ತಾರೆ ಕಣೆ. ಅದಾದ ಕೂಡ್ಲೇ ನಂದು."

ಮುನಿಯಲ್ಲಮ್ಮನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಮುಳುಗಿತು. "ಯಾವ ದೇವ್ರನ್ರೀ?"

"ಇನ್ಯಾವ್ದು? ಗುಡಿಯಾಗೆ ಇರೋದು. ಮೀಸೆ ಅಂಟಿಸ್ಕೋಬೇಕು, ನಾ ಹೊಂಟೆ" ಎನ್ನುತ್ತಾ ಯಜಮಾನರು ಹೊರಟೇಬಿಟ್ಟರು.

ಮುನಿಯಲ್ಲಮ್ಮನ ಎದೆ ಒನಕೆಯ ಹಾಗೆ ಕುಟ್ಟತೊಡಗಿತು. ಸಿನಿಮಾದವರು ಕಲ್ಲಿದ್ದ ಕಡೆ ಗುಡಿ ಎಬ್ಬಿಸಿ ಹಗ್ಗ ಕಟ್ಟಿದಂದಿನಿಂದ ಅವರು ಹಗ್ಗದಾಚೆಯಿಂದಲೇ ದೀಪ ಇಟ್ಟು ಬರುತ್ತಿದ್ದರು. ಹೊಸ ಗುಡಿಯಲ್ಲಿ ಸ್ವಾಮಿ ಲಕ್ಷಣವಾಗಿ ಕಾಣುತ್ತಿದ್ದ. ಆ ಸಡಗರ ಬಲಿಗೆ ಮುಂಚಿನ ಅಲಂಕಾರವೆಂದು ಯಾರಿಗೆ ಗೊತ್ತಿತ್ತು?

"ಧನಲಕ್ಷ್ಮೀ, ಸ್ಕೂಟ್ರು ತೆಗಿಯೇ!"

"ಎಲ್ಲಿಗೆ ಅತ್ತೆ?" ಸೊಸೆ ಹಲ್ಲುಜ್ಜುತ್ತಲೇ ಬಂದಳು.

"ದೇವ್ರನ್ನ ಕದಿಯಾಕೆ."

ಧನಲಕ್ಷ್ಮಿಯ ಬಾಯಿಂದ ನೊರೆ ಇಳಿಯಿತು. ಮದುವೆಯಾಗಿ ಬಂದಂದಿನಿಂದ ಅತ್ತೆ ಅವಳಿಗೆ ಒಪ್ಪಿಸಿದ ಮೊದಲ ಸ್ವಾರಸ್ಯದ ಕೆಲಸ ಇದು. ಅವಳು ಎರಡನೆಯ ಪ್ರಶ್ನೆ ಕೇಳಲಿಲ್ಲ.

ತೋಪಿನಲ್ಲಿ ಎಲ್ಲರೂ ತಿಂಡಿಯ ಸಾಲಿನಲ್ಲಿದ್ದರು. ಗುಡಿಯ ಮುಂದೆ ಮಾತ್ರ ಬಂದೂಕು ಹಿಡಿದು, ಮುಖಕ್ಕೆ ಬಿಳಿ ಬಳಿದುಕೊಂಡ ಒಬ್ಬ ದೊರೆ ಸಿಪಾಯಿ ನಿಂತಿದ್ದ. ಮುನಿಯಲ್ಲಮ್ಮ ಹಗ್ಗದ ಬಳಿಯೇ ನಿಂತು ಕೈಮುಗಿದರು.

"ಪೂಜೆಗಾ ಅಮ್ಮ? ಒಳಗೇ ಹೋಗಿ ಪರ್ವಾಗಿಲ್ಲ" ಎಂದ ಬ್ರಿಟಿಷ್ ಸಾಮ್ರಾಜ್ಯದ ಕಾವಲುಗಾರ. "ಸ್ವಲ್ಪ ಇಲ್ಲೇ ಇರ್ತೀರಾ? ವಡೆ ಖಾಲಿ ಆಗ್ಬಿಡತ್ತೆ." ಹೀಗೆ ಹೇಳಿ ಸಾಮ್ರಾಜ್ಯವನ್ನು ಅವರ ಕೈಗೊಪ್ಪಿಸಿ ಓಡಿದ.

ಈಗ ಮುಟ್ಟಬೇಕು. ಮುನಿಯಲ್ಲಮ್ಮ ಕಣ್ಣು ಮುಚ್ಚಿದರು. "ಅಪ್ಪಾ ಸ್ವಾಮಿ, ನಿನ್ನ ಉಳಿಸಾಕೆ ಮುಟ್ತಾ ಇವ್ನಿ. ತಪ್ಪಿದ್ರೆ ನಂಗೊಬ್ಬಳಿಗೇ ಕೊಡು, ಮಗು ಮರಿಗೆ ಬೇಡ." ಸೊಂಟ ಉಳುಕೀತೆಂದು ಉಸಿರು ಬಿಗಿಹಿಡಿದು, ಕಾಲು ಅಗಲಿಸಿ ನಿಂತು, ಇದ್ದಬದ್ದ ಬಲ ಹಾಕಿ ಎತ್ತಿದರು.

ಸ್ವಾಮಿ ಹೂವಿನ ಹಾಗೆ ಬಂದ. ಎಳೆದ ರಭಸಕ್ಕೆ ಮುನಿಯಲ್ಲಮ್ಮನೇ ಹಿಂದಕ್ಕೆ ಕೂತರು.

ಅವರ ಕಣ್ಣಲ್ಲಿ ನೀರು ಬಂತು. ಊರ ಗಂಡಸರೆಲ್ಲ ಸೇರಿದರೂ ಅಲುಗಿಸಲಾಗದ ಕಲ್ಲು, ಮುಟ್ಟಬಾರದವಳ ಕೈಗೆ ಮಗುವಿನಂತೆ ಬಂದಿತ್ತು! ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಸ್ಕೂಟರ್ ಹತ್ತಿದರು. ರಸ್ತೆಯ ಪ್ರತಿ ಹಂಪಿಗೂ "ಮೆಲ್ಲಗೆ, ಸ್ವಾಮಿ ಅವ್ನೆ" ಎಂದು ಸೊಸೆಯ ಬೆನ್ನಿಗೆ ಗುದ್ದಿದರು. ದಾರಿಯಲ್ಲೇ ಭಜನೆ ಗುಂಪಿಗೆ ವಾಯ್ಸ್ ಮೆಸೇಜ್ ಕೂಡ ಹೋಯಿತು: "ಊವಿನಂಗೆ ಬಂದ ಕಣ್ರಮ್ಮಾ!" (ಇದೊಂದನ್ನು ಕಳಿಸದಿದ್ದರೆ ಮುಂದೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು.)

ಮನೆಯಲ್ಲಿ ಹೊಸದಾಗಿ ಪ್ರತಿಷ್ಠಾಪಿಸುವ ಮೊದಲು ಜಲಾಧಿವಾಸ ಆಗಬೇಕು, ಅಂದರೆ ದೇವರನ್ನು ನೀರಿನಲ್ಲಿ ಮುಳುಗಿಸಿಡಬೇಕು. ಪುರಾಣ ಪ್ರವಚನದಲ್ಲಿ ಕೇಳಿದ್ದರು. ಮಡಿಯುಟ್ಟು, ದೊಡ್ಡ ಟಬ್ಬಿಗೆ ನೀರು ತುಂಬಿ, ಸ್ವಾಮಿಯನ್ನು ಮೆಲ್ಲಗೆ ಮುಳುಗಿಸಿದರು. ಕೈ ಬಿಟ್ಟರು.

ಸ್ವಾಮಿ ಮೇಲೆ ಬಂದ.

ಮತ್ತೆ ಒತ್ತಿದರು. ಮತ್ತೆ ಬಂದ. ಈ ಸಲ ಒಂದು ಸುತ್ತು ತಿರುಗಿ, ಬೆನ್ನು ತೋರಿಸಿದ.

"ಅತ್ತೆ," ಧನಲಕ್ಷ್ಮಿ ಬಗ್ಗಿ ನೋಡಿದಳು, "ದೇವ್ರು ತೇಲ್ತಾ ಇದಾರೆ."

"ಮುನ್ಸಿಕೊಂಡವ್ನೆ ಕಣೆ! ನಾ ಮುಟ್ಟಿದ್ದಕ್ಕೆ."

"ಮುನಿಸಲ್ಲ ಅತ್ತೆ. ಥರ್ಮಾಕೋಲು." ಅವಳು ಉಗುರಿನಿಂದ ಕೆರೆದಳು. ಕಪ್ಪು ಬಣ್ಣದ ಕೆಳಗೆ ಬೆಳ್ಳಗೆ, ಹೊಸ ಟೀವಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ.

ಮುನಿಯಲ್ಲಮ್ಮ ಟಬ್ಬಿನ ಅಂಚು ಹಿಡಿದು ಕೂತರು. ಇಷ್ಟು ದಿನ ದೀಪ ಹಚ್ಚಿದ್ದು ಇದಕ್ಕೆ. ಹಾಗಾದರೆ ನಿಜವಾದವನು ಎಲ್ಲಿ? ಇನ್ನೂ ಅಲ್ಲೇ. ಬಾಂಬಿಡಲು ಈಗ ಅವರಿಗೆ ಉಳಿದಿರುವವನು ಅವನೊಬ್ಬನೇ!

ಸ್ಕೂಟರ್ ವಾಪಸ್ ಹಾರಿತು. ಮಡಿಸೀರೆಯ ಮುನಿಯಲ್ಲಮ್ಮ, ತೊಡೆಯ ಮೇಲೆ ನೀರು ಸುರಿಸುವ ದೇವರು.

ತೋಪಿನಲ್ಲಿ ಸೈನ್ಯವೆಲ್ಲ ಪೊದೆಗಳಲ್ಲಿ ಹುಡುಕುತ್ತಿತ್ತು. ನಿರ್ದೇಶಕ ಶಿವರಾಮ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. "ಯಜಮಾನ್ರೇ, ನಿಮ್ಮ ತೋಪು. ಕಲ್ಲು ಎಲ್ಲೋಯ್ತು?"

ಮುನಿಆಂಜಿನಪ್ಪನವರು ಅಂಟಿಸಿದ ಮೀಸೆ ಸವರಿದರು. "ನಂಗೇನೂ ಗೊತ್ತಿಲ್ಲ, ದೊರೆ."

ಗುಡಿಯ ಹಿಂದೆ ಇಬ್ಬರು ಆಳುಗಳು ಗೋಣಿಚೀಲ ಸರಿಸುತ್ತಿದ್ದರು. ಅದರಡಿಯಿಂದ ಗಿಡ್ಡಗೆ, ಒರಟಾಗಿ, ಕಿವಿಯ ಮೇಲೆ ಹಲ್ಲಿ ಕೂರಿಸಿಕೊಂಡು, ಸಿನಿಮಾದವರು ಮುಚ್ಚಿಟ್ಟಿದ್ದ ನಿಜವಾದ ಮುನೇಶ್ವರ ಇದ್ದ ಜಾಗದಲ್ಲೇ ಕಾಣಿಸಿಕೊಂಡ.

"ಮುಟ್ಬೇಡ್ರೋ!" ಮುನಿಯಲ್ಲಮ್ಮ ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದರು. "ತಗೊಳ್ರಪ್ಪ ನಿಮ್ಮುದ್ನ! ನಮ್ಮುದ್ನ ಬಿಡಿ!"

ಶಿವರಾಮ್ ಮುಖ ಥರ್ಮಾಕೋಲಿಗಿಂತ ಬಿಳಿಚಿತು. "ಅಮ್ಮಾ... ಅದನ್ನ ಮೆಲ್ಲಗೆ ಕೆಳಗಿಡಿ. ಅದರೊಳಗೆ ಮದ್ದಿನ ಪೊಟ್ಟಣ ಇಟ್ಟಿದೀವಿ."

ಎಲ್ಲರೂ ಹಿಂದೆ ಸರಿದರು. ಬ್ರಿಟಿಷ್ ಸೈನ್ಯವೇ ಮೊದಲು. ಹಂಪು ಹಂಪಿಗೂ ತಾನು ಅವಚಿಕೊಂಡದ್ದು ಏನನ್ನು ಎಂದು ಮುನಿಯಲ್ಲಮ್ಮನಿಗೆ ಹೊಳೆಯಿತು. "ನೀರಾಗೆ... ನೀರಾಗೆ ಮುಳುಗ್ಸಿದ್ದೆ" ಎಂದಷ್ಟೇ ಬಾಯಿಂದ ಹೊರಟಿತು.

ಮದ್ದಿನ ಮೇಸ್ತ್ರಿ ಬಂದು ಪೊಟ್ಟಣ ಎಳೆದ. ರಾಗಿ ಅಂಬಲಿಯ ಹಾಗೆ ಸೋರಿತು. "ಬಚಾವ್ ಸಾರ್. ಅಮ್ಮೋರೇ ಬಾಂಬ್ ನಿಷ್ಕ್ರಿಯ ಮಾಡವ್ರೆ."

ಬೇರೆ ಪೊಟ್ಟಣ ಬಂತು. ಅದನ್ನು ಇಡುವ ಮುಂಚೆ ಮುನಿಯಲ್ಲಮ್ಮ ಅಡ್ಡ ನಿಂತರು. "ಒಂದ್ನಿಮಿಷ. ದೀಪ ಅಚ್ಚಿ ಬಿಟ್ಟಿವ್ನಿ. ಕದಲಿಸ್ಬೇಕು." ಗಣಪತಿಯನ್ನು ಬಿಡುವ ಮೊದಲು ಮಾಡುವಂತೆ ಅಕ್ಷತೆ ಹಾಕಿ, ಥರ್ಮಾಕೋಲನ್ನು ಬಡಗಲಿಗೆ ತುಸು ಸರಿಸಿ, "ಓಗಿ ಬಾಪ್ಪ" ಎಂದರು. ಸೈನ್ಯವೆಲ್ಲ ಟೋಪಿ ತೆಗೆದು ಕೈಮುಗಿಯಿತು.

ಆಮೇಲೆ ಢಮ್ಮೆಂದಿತು. ಮಾವಿನ ಮರದ ತುಂಬ ಬೆಳ್ಳಗೆ ಹಿಮ ಬಿತ್ತು. ದೊರೆಯ ವೇಷದವನು ಮುನಿಆಂಜಿನಪ್ಪನವರ ಕುತ್ತಿಗೆ ಹಿಡಿದು, "ಎಲ್ಲಿ ಆ ಕಳ್ಳ?" ಎಂದು ಗರ್ಜಿಸಿದ. ಯಜಮಾನರ ಕಣ್ಣು ತಾನಾಗಿ ಹೆಂಡತಿಯ ಕಡೆಗೆ ತಿರುಗಿತು. ಬೆವರು ಇಳಿಯಿತು. "ನಂಗೇನೂ... ಗೊತ್ತಿಲ್ಲ... ದೊರೆ."

"ಓಕೆ! ಏನು ಭಾವ ಸಾರ್!" ಶಿವರಾಮ್ ಕುಣಿದರು.

ಅಷ್ಟರಲ್ಲಿ ಹೂವಿನಂತೆ ಬಂದ ಮುನೇಶ್ವರನನ್ನು ನೋಡಲು ಭಜನೆಯವರು ತೆಂಗಿನಕಾಯಿ ಹಿಡಿದು ತೋಪಿನೊಳಗೆ ಬರುತ್ತಿದ್ದರು. ಮುಂದೆ ಗಂಗರತ್ನಮ್ಮ. "ಎಲ್ರೀ ಸ್ವಾಮಿ?" ಎಂದರು. ಧನಲಕ್ಷ್ಮಿ ಮಾವಿನ ಮರದ ಕೊಂಬೆಗಳ ಕಡೆ ಬೆರಳು ತೋರಿಸಿ ನಗು ತಡೆಯಲಾರದೆ ಓಡಿದಳು. ಮುನಿಯಲ್ಲಮ್ಮ ಸೆರಗು ಮುಖಕ್ಕೆಳೆದುಕೊಂಡರು.

ಅವರ ಪೇಚು ನೋಡಲಾರದೆ ಶಿವರಾಮ್ ಹತ್ತಿರ ಬಂದರು. "ಅಮ್ಮ, ತುಂಬ ತೊಂದ್ರೆ ಕೊಟ್ವಿ. ನಿಮ್ಮ ನಿಜವಾದ ಸ್ವಾಮಿಗೆ ನಾವೇ ಒಂದು ಗುಡಿ ಕಟ್ಕೊಟ್ಟು ಹೋಗ್ತೀವಿ. ಸಂಜೆಯೊಳಗೆ ಮುಗಿಯತ್ತೆ. ನೋಡಿದ್ರೆ ಸಾವಿರ ವರ್ಷದ ಕಲ್ಲುಗುಡಿ ಅನ್ನಬೇಕು."

ಮುನಿಯಲ್ಲಮ್ಮ ಸೆರಗು ಸರಿಸಿ ಗಿಡ್ಡ ಕಲ್ಲನ್ನು ನೋಡಿದರು. ಹಲ್ಲಿ ಅಲ್ಲೇ ಇತ್ತು. ತಮ್ಮ ಹಣತೆಯನ್ನು ಹುಡುಕಿ ತಂದು, ಕಲ್ಲಿಗೆ ದೂರದಲ್ಲಿ, ಹಳೆಯ ಜಾಗದಲ್ಲೇ ಇಟ್ಟರು.

"ಬ್ಯಾಡಪ್ಪ," ಎಂದರು. "ಅವನು ಬಿಸಿಲಾಗೇ ಇರ್ಲಿ. ಗಾಳಿ ಬಂದು ಗುಡಿ ತೂರ್ಕೊಂಡು ಓದ್ರೆ, ಅದ್ರ ಬೆನ್ನಿಂದೆ ಓಡಾಕೆ ನನ್ ಕೈಲಾಗಲ್ಲ."